ಮಗುಚಲಾಗದ ತೊಟ್ಟಿ

ತಾಳ್ಯದ ನಮ್ಮ ಮನೆಯ ಹಿತ್ತಿಲಲ್ಲಿ ಎರಡು ಡ್ರಮ್ಮು, ಒಂದು ಕಲ್ಲಿನ ತೊಟ್ಟಿ. ನಲ್ಲಿಯಲ್ಲಿ ನೀರು ಬಂದ ದಿನ ಎಲ್ಲವೂ ತುಂಬಬೇಕು. ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ತಮ್ಮನಿಗೆ ಡೆಂಗಿ ಬಂದ ವರ್ಷ ಆ ತೊಟ್ಟಿಗೆ ಟಾರ್ಚು ಹಾಕಿ ನೋಡಿದೆ. ತಲೆಕೆಳಗಾಗಿ ತೂಗುತ್ತಿದ್ದ ಮರಿಹುಳುಗಳು ಬೆಳಕು ತಾಗಿದ್ದೇ ತಳಕ್ಕೆ ಜಾರಿದವು. ನೀರು ಚೆಲ್ಲಿಬಿಡೋಣ ಎಂದೆ. ಅಮ್ಮ ಒಪ್ಪಲಿಲ್ಲ.

ಇಂಥದೇ ಒಂದು ತೊಟ್ಟಿ ಚರಿತ್ರೆಯಲ್ಲೂ ಇದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಬಂಗಲೆಯ ಸೊಳ್ಳೆಗಳ ಕಾಟ ತಡೆಯಲಾಗಲಿಲ್ಲ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಮಗುಚಿಸಿದ, ಕಾಟ ತಗ್ಗಿತು. ಉಳಿದ ತೊಟ್ಟಿಗಳನ್ನೂ ಬರಿದು ಮಾಡಿಸೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಯ ಕ್ರಮಕ್ಕೆ ಕೈಹಾಕಬಾರದು ಎಂಬುದು ಆತನ ವಾದ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಪಡೆದ.

ಆಮೇಲೆ ಸೊಳ್ಳೆಯನ್ನು ನೀರಿನಲ್ಲೇ ಅರಿಯುವ ಕೆಲಸ ನಮ್ಮ ಮೈಸೂರು ಸಂಸ್ಥಾನದಲ್ಲೂ ನಡೆಯಿತು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ತೇಲಲು ನೆರವಾಗುವ ಅಂಚಿನ ಗೆರೆಗಳ ಎಣಿಕೆಯಿಂದ ಎರಡು ಬಗೆ ಗುರುತಿಸಿದರು. ಗೆರೆ ಕಡಿಮೆಯಿದ್ದ ಬಗೆಗೆ ಮೈಸೂರಿನದೇ ಹೆಸರು: ಮೈಸೂರೆನ್ಸಿಸ್.

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಬದುಕು ಮತ್ತೊಂದು ತೆರ. ಮರಿಹುಳು ನೀರಿನಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಕೊನೆಯ ಸಲ ಕೋಶವಾಗಿ, ಎರಡು ದಿನದಲ್ಲಿ ರೆಕ್ಕೆ ಪಡೆದು ಹಾರುತ್ತದೆ. ಬೇಸಿಗೆಯಲ್ಲಿ ಇದಕ್ಕೆಲ್ಲ ವಾರ, ಹತ್ತು ದಿನ ಸಾಕು. ಆದರೆ ಮೊಟ್ಟೆ ಮಾತ್ರ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ನೀರು ತಾಗಿದರೆ ಒಡೆಯುತ್ತದೆ. ಹಾಗಾಗಿ ಚೆಲ್ಲಿದರಷ್ಟೇ ಸಾಲದು, ಗೋಡೆ ಉಜ್ಜಬೇಕು.

ಬೆಂಗಳೂರಿನ ಅಧಿಕಾರಿಯೂ ಬೇಡವೆಂದ, ಅಮ್ಮನೂ ಬೇಡವೆಂದಳು. ಅವನದು ಉಡಾಫೆ, ಇವಳದು ನೀರಿನ ಭಯ. ಬರದ ನಾಡಿನಲ್ಲಿ ಸೊಳ್ಳೆ ಬೆಳೆಯುವುದು ಕೆಸರಿನಲ್ಲಷ್ಟೇ ಅಲ್ಲ, ನಾವು ಜೋಪಾನವಾಗಿ ಕೂಡಿಟ್ಟ ನೀರಿನಲ್ಲಿ. ಇದನ್ನು ಅರಿಯದೆ ‘ನೀರು ನಿಲ್ಲಿಸಬೇಡಿ’ ಎಂದು ಗೋಡೆಯ ಮೇಲೆ ಬರೆದರೆ ಅಮ್ಮನಂಥವರಿಗೆ ಅದು ತಲುಪುವುದಿಲ್ಲ.

ಕೊನೆಗೆ ನಾವು ಒಪ್ಪಂದಕ್ಕೆ ಬಂದೆವು. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದೆವು, ತೊಟ್ಟಿಗೆ ಗಪ್ಪಿ ಮೀನು ಬಿಟ್ಟೆವು. ವಾರಕ್ಕೊಮ್ಮೆ, ನೀರು ತಳ ಕಂಡ ದಿನ, ತೆಂಗಿನ ನಾರಿನಿಂದ ಡ್ರಮ್ಮು ಉಜ್ಜುವುದು ನನ್ನ ಪಾಲು. ಉಜ್ಜಿದ ನೀರನ್ನು ಅಮ್ಮ ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಾಳೆ.