ಅಳತೆ ಕೇಳದ ಫಂಕ್ಷನ್: ಫಿಂಗರ್‌ಡಿ ದೋಷದ ಚರಿತ್ರೆ (1971–2011)

ಪೀಠಿಕೆ

1988ರ ನವೆಂಬರ್ 2ರ ಸಂಜೆ, ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುವ ಪ್ರೋಗ್ರಾಮೊಂದು ಅಮೆರಿಕದ ಇಂಟರ್ನೆಟ್‌ನಲ್ಲಿ ಕಾಣಿಸಿಕೊಂಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಅದನ್ನು ಎಂಐಟಿಯ ಗಣಕವೊಂದರಿಂದ ಬಿಟ್ಟಿದ್ದ. ಮಾರಿಸ್ ವರ್ಮ್ ಎಂದೇ ಮುಂದೆ ಹೆಸರಾದ ಈ ಪ್ರೋಗ್ರಾಮ್ ಹಲವು ದಾರಿಗಳಲ್ಲಿ ಗಣಕಗಳೊಳಗೆ ನುಗ್ಗಿತು. ಮಿಂಚಂಚೆ ಸಾಗಿಸುವ ಸೆಂಡ್‌ಮೇಲ್ ಪ್ರೋಗ್ರಾಮಿನ ಡೀಬಗ್ ಸೌಲಭ್ಯ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳು, ಗಣಕಗಳು ಒಂದನ್ನೊಂದು ಪ್ರಶ್ನಿಸದೆ ನಂಬುವ ಏರ್ಪಾಡು, ಮತ್ತು ಫಿಂಗರ್‌ಡಿ ಎಂಬ ಪುಟ್ಟ ಸೇವಾ ಪ್ರೋಗ್ರಾಮಿನಲ್ಲಿದ್ದ ಬಫರ್ ಓವರ್‌ಫ್ಲೋ ದೋಷ ಅದಕ್ಕೆ ನೆರವಾದವು.

ಈ ಲೇಖನ ಪರಿಶೀಲಿಸುವುದು ಕೊನೆಯ ದಾರಿಯನ್ನು ಮಾತ್ರ. ಅದನ್ನು ಒಬ್ಬ ಪ್ರೋಗ್ರಾಮರ್‌ನ ಅಜಾಗರೂಕತೆಯೆಂದು ಹೇಳಿ ಮುಗಿಸುವುದು ರೂಢಿ. ಆದರೆ ದೋಷದ ಪೂರ್ವಾಪರಗಳನ್ನು ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಆಪ್ತ ವಲಯಕ್ಕೆಂದು ರೂಪಿಸಿದ ಸಲಕರಣೆಯೊಂದು ಅಪರಿಚಿತರ ನಡುವೆ ಬಂದು ನಿಂತಾಗ ಈ ದೋಷ ಅಪಾಯವಾಯಿತು. ಆ ಸಲಕರಣೆಯನ್ನು ಕೈಬಿಡಲು ಇಡೀ ವೃತ್ತಿಗೆ ಎರಡು ದಶಕ ಬೇಕಾಯಿತು.

ಫಿಂಗರ್ ಸೇವೆಯ ಹುಟ್ಟು

ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ 1971ರಲ್ಲಿ ಫಿಂಗರ್ ಪ್ರೋಗ್ರಾಮನ್ನು ಬರೆದರು. ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲವದು. ಯಾರು ಲಾಗಿನ್ ಆಗಿದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂಬುದನ್ನು ತಿಳಿಸುವುದಷ್ಟೇ ಅದರ ಕೆಲಸ. 1977ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 742 ಎಂಬ ದಾಖಲೆ ಈ ಸೇವೆಯನ್ನು ಜಾಲದ ಮೂಲಕ ನಡೆಸುವ ನಿಯಮಗಳನ್ನು ಬರೆದಿಟ್ಟಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1986ರಲ್ಲಿ ಹೊರತಂದ 4.3ಬಿಎಸ್‌ಡಿ ಯೂನಿಕ್ಸ್‌ನಲ್ಲಿ, ಜಾಲದಿಂದ ಬರುವ ಫಿಂಗರ್ ಕರೆಗಳಿಗೆ ಉತ್ತರಿಸುವ ಫಿಂಗರ್‌ಡಿ ಸೇರಿತ್ತು.

ಈ ವ್ಯವಸ್ಥೆಯಲ್ಲಿ ಐನೆಟ್‌ಡಿ ಎಂಬ ಮೇಲ್ವಿಚಾರಕ ಪ್ರೋಗ್ರಾಮಿನದು ಮಹತ್ವದ ಪಾತ್ರ. ಪೋರ್ಟ್ 79ಕ್ಕೆ ಕರೆ ಬಂದೊಡನೆ ಅದು ಫಿಂಗರ್‌ಡಿಯನ್ನು ಎಬ್ಬಿಸಿ, ಜಾಲದ ಸಂಪರ್ಕವನ್ನೇ ಅದರ ಸ್ಟ್ಯಾಂಡರ್ಡ್ ಇನ್‌ಪುಟ್ ಆಗಿ ಜೋಡಿಸುತ್ತಿತ್ತು. ಸೇವೆ ಬರೆಯುವವರು ಜಾಲದ ಒಳಸುಳಿಗಳನ್ನು ಅರಿಯಬೇಕಿರಲಿಲ್ಲ. ಕೀಲಿಮಣೆಯಿಂದ ಓದುವ ಹಾಗೆಯೇ ದೂರದ ಗಣಕದಿಂದಲೂ ಓದಬಹುದಿತ್ತು. ವಿನ್ಯಾಸವಾಗಿ ಇದು ಸೊಗಸಾದದ್ದು. ಆದರೆ ಕೀಲಿಮಣೆಯ ಮುಂದೆ ಕೂತವನ ಮೇಲಿದ್ದ ನಂಬಿಕೆಯೂ ಅದೇ ಜೋಡಣೆಯಲ್ಲಿ ಜಾಲದವರೆಗೆ ಹಬ್ಬಿತು.

512ರ ಜಾಗಕ್ಕೆ 536

ಬಂದ ಸಾಲನ್ನು ಓದಲು ಫಿಂಗರ್‌ಡಿ ಬಳಸಿದ್ದು ಸಿ ಭಾಷೆಯ ಗೆಟ್ಸ್ ಫಂಕ್ಷನ್. ಅದಕ್ಕೆ ಕೊಡುವುದು ಬಫರ್‌ನ, ಅಂದರೆ ಓದಿದ್ದನ್ನು ಇಡುವ ಸ್ಮೃತಿಯ ಜಾಗದ, ವಿಳಾಸವನ್ನು ಮಾತ್ರ. ಬಫರ್ ಎಷ್ಟು ದೊಡ್ಡದೆಂದು ತಿಳಿಸಲು ದಾರಿಯೇ ಇಲ್ಲ. ಸಾಲು ಮುಗಿಯುವ ಚಿಹ್ನೆ ಸಿಗುವವರೆಗೆ ಅದು ಬಂದದ್ದನ್ನೆಲ್ಲ ಬರೆಯುತ್ತಲೇ ಹೋಗುತ್ತದೆ.

ಫಿಂಗರ್‌ಡಿ ಸ್ಟ್ಯಾಕ್‌ನಲ್ಲಿ ಇಟ್ಟುಕೊಂಡಿದ್ದ ಬಫರ್ 512 ಬೈಟ್‌ಗಳದು. ವರ್ಮ್ ಕಳಿಸಿದ್ದು 536 ಬೈಟ್‌ಗಳನ್ನು. ಮೊದಲ 400 ಬೈಟ್‌ಗಳು ಏನನ್ನೂ ಮಾಡದ ಸೂಚನೆಗಳು. ಅವುಗಳ ಹಿಂದೆಯೇ, ಆಜ್ಞೆಗಳನ್ನು ಪಡೆದು ನಡೆಸುವ ಶೆಲ್ ಅನ್ನು ಆರಂಭಿಸುವ ಕೆಲವೇ ಸೂಚನೆಗಳಿದ್ದವು. ಕೊನೆಯ ಬೈಟ್‌ಗಳು ಬಫರ್‌ನ ಅಂಚು ದಾಟಿ, ಫಂಕ್ಷನ್ ಮುಗಿದ ಮೇಲೆ ಮರಳಬೇಕಾದ ವಿಳಾಸವನ್ನೇ ಅಳಿಸಿ ಬರೆದವು. ಹೊಸ ವಿಳಾಸ ಬಫರ್‌ನೊಳಕ್ಕೇ ತೋರಿಸುತ್ತಿತ್ತು. ಹೀಗಾಗಿ ಫಿಂಗರ್‌ಡಿ ತನ್ನ ಕೆಲಸ ಮುಗಿಸಿ ಮರಳುವಾಗ, ದತ್ತಾಂಶವೆಂದು ಒಳಬಂದದ್ದು ಆಜ್ಞೆಯಾಗಿ ನಡೆಯಿತು; ದೂರದಲ್ಲಿದ್ದ ವರ್ಮ್‌ಗೆ ಶೆಲ್ ದಕ್ಕಿತು.

ಆ ಸೂಚನೆಗಳು ವ್ಯಾಕ್ಸ್ ಗಣಕಗಳ ಯಂತ್ರಭಾಷೆಯಲ್ಲಿದ್ದವು. ಸನ್ ಗಣಕಗಳ ಫಿಂಗರ್‌ಡಿಯಲ್ಲೂ ಓವರ್‌ಫ್ಲೋ ಆಯಿತಾದರೂ ಪ್ರೋಗ್ರಾಮ್ ಕುಸಿದುಬಿದ್ದಿತೇ ಹೊರತು ಈ ದಾರಿಯಿಂದ ವರ್ಮ್ ಒಳಹೋಗಲಿಲ್ಲ. ಸುಮಾರು 6,000 ಗಣಕಗಳಿಗೆ ಸೋಂಕು ತಗುಲಿತೆಂಬ ಪ್ರಸಿದ್ಧ ಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು. ಆಗ ಜಾಲದಲ್ಲಿ 60,000 ಗಣಕಗಳಿದ್ದವು, ಅವುಗಳಲ್ಲಿ ಹತ್ತನೇ ಒಂದು ಭಾಗ ಸಿಕ್ಕಿಬಿದ್ದಿರಬಹುದು ಎಂಬ ಅಂದಾಜಿನಿಂದ ಅದು ಹುಟ್ಟಿತು. ಯಾರೂ ಎಣಿಸಿ ಹೇಳಿದ್ದಲ್ಲ.

ತಿಳಿದೂ ಉಳಿದ ದೋಷ

ಇಂಥ ದಾಳಿ ಊಹೆಗೆ ಮೀರಿದ್ದೇನೂ ಆಗಿರಲಿಲ್ಲ. ಅಮೆರಿಕದ ವಾಯುಪಡೆಗಾಗಿ ಜೇಮ್ಸ್ ಪಿ. ಆ್ಯಂಡರ್ಸನ್ 1972ರಲ್ಲಿ ಸಿದ್ಧಪಡಿಸಿದ ವರದಿಯೇ, ವಿಳಾಸಗಳನ್ನು ಸರಿಯಾಗಿ ಪರೀಕ್ಷಿಸದಿದ್ದರೆ ಬಳಕೆದಾರನು ವ್ಯವಸ್ಥೆಯ ಸ್ಮೃತಿಯ ಮೇಲೆ ಬರೆದು ಅದನ್ನು ವಶಪಡಿಸಿಕೊಳ್ಳಬಹುದೆಂದು ವಿವರಿಸಿತ್ತು.

ವರ್ಮ್ ಹರಡಿದ ಮೇಲೆ ಬರ್ಕ್ಲಿ, ಎಂಐಟಿ, ಪರ್ಡ್ಯೂ, ಯೂಟಾಗಳ ತಜ್ಞರು ಅದನ್ನು ಬಿಡಿಸಿ ಓದಿದರು. ಯೂಜೀನ್ ಸ್ಪ್ಯಾಫರ್ಡ್ ಮತ್ತು ಡಾನ್ ಸೀಲಿ ಬರೆದ ವಿಶ್ಲೇಷಣೆಗಳು ಇಂದಿಗೂ ಈ ವಿಷಯದ ಮುಖ್ಯ ಆಕರಗಳು. ಫಿಂಗರ್‌ಡಿಯನ್ನು ಸರಿಪಡಿಸಲು ಕೆಲವೇ ದಿನಗಳು ಸಾಕಾದವು: ಗೆಟ್ಸ್ ಇದ್ದಲ್ಲಿ, ಗರಿಷ್ಠ ಅಳತೆಯನ್ನೂ ಕೇಳುವ ಎಫ್‌ಗೆಟ್ಸ್ ಬಂತು. ಇಂಥ ಘಟನೆಗಳನ್ನು ಎದುರಿಸಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಸಮನ್ವಯ ಕೇಂದ್ರ ಸ್ಥಾಪನೆಯಾಯಿತು. 1990ರಲ್ಲಿ ನ್ಯಾಯಾಲಯ ಮಾರಿಸ್‌ಗೆ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ ಮತ್ತು ದಂಡ ವಿಧಿಸಿತು.

ಗೆಟ್ಸ್ ಮಾತ್ರ ಹೋಗಲಿಲ್ಲ. ವರ್ಮ್ ಹರಡಿದ ಮರುವರ್ಷ, ಅಂದರೆ 1989ರಲ್ಲಿ, ಸಿ ಭಾಷೆಯ ಮೊದಲ ಅಧಿಕೃತ ಮಾನಕ ಅದನ್ನು ಒಳಗೊಂಡೇ ಹೊರಬಂತು. 1999ರ ಮಾನಕವೂ ಉಳಿಸಿಕೊಂಡಿತು. ಇನ್‌ಪುಟ್ ಪ್ರೋಗ್ರಾಮರ್‌ನ ಹತೋಟಿಯಲ್ಲಿರುವಾಗ ಅದು ಅನುಕೂಲಕರ, ಅಲ್ಲದೆ ಬಹುಕಾಲದಿಂದ ಬಳಕೆಯಲ್ಲಿದೆ ಎಂಬುದು ಸಮಿತಿಯ ಸಮರ್ಥನೆ. ಫಿಂಗರ್‌ಡಿಯ ಪ್ರಕರಣ ಸುಳ್ಳೆಂದು ತೋರಿಸಿದ್ದು ಇದೇ ನಂಬಿಕೆಯನ್ನು. ಇನ್‌ಪುಟ್ ಯಾರ ಹತೋಟಿಯಲ್ಲಿದೆ ಎಂಬುದನ್ನು ಐನೆಟ್‌ಡಿಯಂಥ ಇನ್ನೊಂದು ಪ್ರೋಗ್ರಾಮ್, ಫಿಂಗರ್‌ಡಿಯ ಒಂದಕ್ಷರವನ್ನೂ ಮುಟ್ಟದೆ, ಬದಲಿಸಬಲ್ಲದು. ಗೆಟ್ಸ್ ಬಳಕೆ ಇಳಿಮುಖವಾಗಬೇಕೆಂಬ ಸೂಚನೆ ಮಾನಕದಲ್ಲಿ ಸೇರಿದ್ದು 2007ರಲ್ಲಿ, ಅದು ಮಾನಕದಿಂದ ಹೊರಬಿದ್ದದ್ದು 2011ರಲ್ಲಿ. ಈ ನಡುವೆ, 1996ರಲ್ಲಿ ಫ್ರ್ಯಾಕ್ ಪತ್ರಿಕೆ ಸ್ಟ್ಯಾಕ್ ಓವರ್‌ಫ್ಲೋ ತಂತ್ರವನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸಿತು. 2001ರಲ್ಲಿ ಕೋಡ್ ರೆಡ್ ವರ್ಮ್ ಬೇರೊಂದು ಸರ್ವರ್‌ನ ಬಫರ್ ಓವರ್‌ಫ್ಲೋ ಮೂಲಕವೇ ಜಗತ್ತಿನಾದ್ಯಂತ ಹರಡಿತು.

ತೀರ್ಮಾನ

ಈ ಚರಿತ್ರೆಯಲ್ಲಿ ಎರಡು ಬಗೆಯ ದುರಸ್ತಿಗಳಿವೆ. ಒಂದು ಪ್ರೋಗ್ರಾಮನ್ನು ಸರಿಪಡಿಸುವುದು ದಿನಗಳ ಕೆಲಸವಾಯಿತು; ಅಂಥ ತಪ್ಪನ್ನು ಹುಟ್ಟಿಸುವ ಸಲಕರಣೆಯನ್ನು ತೆಗೆಯಲು 23 ವರ್ಷ ಹಿಡಿಯಿತು. ಅಪರಿಚಿತರ ಇನ್‌ಪುಟ್ ಎದುರು ಸುರಕ್ಷಿತವಾಗಿ ಬಳಸಲು ಸಾಧ್ಯವೇ ಇಲ್ಲದ ಫಂಕ್ಷನ್ ಒಂದನ್ನು ಮಾನಕದಲ್ಲಿಟ್ಟು, ಬಳಸಿದವರನ್ನು ಮಾತ್ರ ಅಜಾಗರೂಕರೆನ್ನುವುದು ನ್ಯಾಯವಲ್ಲ. ಹಳೆಯ ಪ್ರೋಗ್ರಾಮೊಂದನ್ನು ಹೊಸ ಜಾಲಕ್ಕೆ ಜೋಡಿಸುವಾಗ ಅದು ಯಾರನ್ನು ನಂಬಿ ಬರೆಯಲ್ಪಟ್ಟಿತ್ತು ಎಂದು ಕೇಳುವ ಹೊಣೆ ಜೋಡಿಸುವವರದು. ನಂಬಿಕೆ ಸುಳ್ಳಾದ ಮೇಲೆ ಸಲಕರಣೆಯನ್ನು ತಡಮಾಡದೆ ಹಿಂತೆಗೆಯುವ ಹೊಣೆ ಮಾನಕ ರೂಪಿಸುವವರದು.