ಚೇತರಿಕೆಯೂ ಕಾಯಕವೂ: ಮನೋವೈಕಲ್ಯವುಳ್ಳವರ ವೃತ್ತಿಪುನರ್ವಸತಿ

ಮನೋವ್ಯಾಧಿಗೆ ತುತ್ತಾದವರಿಗೆ ಮೊದಲು ಕಾಯಿಲೆ ಪೂರ್ತಿಯಾಗಿ ವಾಸಿಯಾಗಬೇಕು, ಕೆಲಸದ ಮಾತು ಅನಂತರ ಎಂಬ ನಂಬಿಕೆ ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇಂದಿಗೂ ಬೇರೂರಿದೆ. ವೃತ್ತಿಪುನರ್ವಸತಿಯ ಕ್ಷೇತ್ರವು ಎರಡು ಶತಮಾನಗಳಲ್ಲಿ ನಡೆದುಬಂದ ದಾರಿಯನ್ನು ಅವಲೋಕಿಸಿದರೆ, ಉದ್ಯೋಗವು ಚೇತರಿಕೆಯ ಫಲವಾಗಿರುವಷ್ಟೇ ಅದರ ಕಾರಣವೂ ಆಗಬಲ್ಲುದೆಂಬ ಸತ್ಯವು ಮೆಲ್ಲಮೆಲ್ಲನೆ ಸ್ಥಿರಪಟ್ಟುದು ಗೋಚರವಾಗುತ್ತದೆ.

1796ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ತೆರೆದ ‘ರಿಟ್ರೀಟ್’ ಎಂಬ ಆಶ್ರಯಧಾಮದಲ್ಲಿ, ಸಂಕೋಲೆ ಥಳಿತಗಳಿಗೆ ಬದಲಾಗಿ ಸೌಜನ್ಯವೂ ತೋಟದ ಕೆಲಸ, ಹೊಲಿಗೆ ಮೊದಲಾದ ದಿನಚರಿಯೂ ಚಿಕಿತ್ಸೆಯ ಅಂಗಗಳಾದುವು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಗಳು ಹಿಗ್ಗುತ್ತ ಹೋದಂತೆಲ್ಲ, ಹೊಲದಲ್ಲಿಯೂ ಅಡುಗೆಮನೆಯಲ್ಲಿಯೂ ರೋಗಿಗಳು ಸಂಬಳವಿಲ್ಲದೆ ಮಾಡಿದ ದುಡಿಮೆಯು ಸಂಸ್ಥೆಯ ವೆಚ್ಚವನ್ನು ತಗ್ಗಿಸುವ ಉಪಾಯವಾಗಿ ಪರಿಣಮಿಸಿತು. 1952ರಲ್ಲಿ ಕ್ಲೋರ್‌ಪ್ರೋಮಜೀನ್ ಔಷಧವು ಚಿಕಿತ್ಸೆಗೆ ಒದಗಿದಮೇಲೆ ಅನೇಕರು ಆಸ್ಪತ್ರೆಯಿಂದ ಹೊರಬಂದರೂ, ಜೀವನೋಪಾಯದ ದಾರಿ ಅವರಿಗೆ ತೆರೆಯಲಿಲ್ಲ.

ಈ ಕೊರತೆಗೆ ಪರಿಹಾರವನ್ನು ಅರಸಿದವರಲ್ಲಿ ರೋಗಿಗಳೇ ಪ್ರಮುಖರು. ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಆಸ್ಪತ್ರೆಯಿಂದ ಬಿಡುಗಡೆ ಹೊಂದಿದವರು ಕಟ್ಟಿಕೊಂಡ ಬಳಗದಿಂದ 1948ರಲ್ಲಿ ‘ಫೌಂಟನ್ ಹೌಸ್’ ಜನಿಸಿತು. 1955ರಲ್ಲಿ ಅದರ ಮುಖ್ಯಸ್ಥರಾದ ಜಾನ್ ಬಿಯರ್ಡ್ ಅವರ ಕಾಲದಲ್ಲಿ, ಸಾಮಾನ್ಯ ಕಚೇರಿಗಳ ಸಂಬಳದ ಹುದ್ದೆಗಳನ್ನು ಸದಸ್ಯರಿಗೆ ಸರದಿಯಂತೆ ಒದಗಿಸುವ, ಅವರು ಬಾರದ ದಿನ ಸಂಸ್ಥೆಯೇ ಬದಲಿಯಾಳನ್ನು ಕಳುಹಿಸುವ ಪದ್ಧತಿ ರೂಪುಗೊಂಡಿತು. ಇಟಲಿಯ ತ್ರಿಯೆಸ್ತೆಯಲ್ಲಿ ಫ್ರಾಂಕೊ ಬಸಾಲಿಯಾ ಅವರ ನೇತೃತ್ವದಲ್ಲಿ, 1970ರ ದಶಕದ ಆದಿಯಲ್ಲಿ, ಆಸ್ಪತ್ರೆಯೊಳಗೆ ದುಡಿಯುತ್ತಿದ್ದವರು ಸಹಕಾರ ಸಂಘವನ್ನು ಕಟ್ಟಿ ನ್ಯಾಯವಾದ ಕೂಲಿಯನ್ನು ಪಡೆದರು.

1990ರ ದಶಕದಲ್ಲಿ ಅಮೆರಿಕದ ನ್ಯೂಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಹಳೆಯ ಕ್ರಮವನ್ನೇ ತಿರುಗಿಸಿದರು. ತರಬೇತಿಯ ಹೆಸರಿನಲ್ಲಿ ವರ್ಷಗಟ್ಟಲೆ ಕಾಯಿಸದೆ, ಬಯಸಿದವರೆಲ್ಲರಿಗೂ ಅವರವರ ಅಭಿರುಚಿಗೆ ಒಪ್ಪುವ ನೈಜ ಉದ್ಯೋಗವನ್ನು ಬೇಗನೆ ಹುಡುಕಿಕೊಡುವುದು, ಅದಕ್ಕಾಗಿ ಉದ್ಯೋಗತಜ್ಞರನ್ನು ಚಿಕಿತ್ಸಕರ ತಂಡದಲ್ಲಿಯೇ ಇರಿಸುವುದು, ಕೆಲಸ ದೊರೆತಮೇಲೂ ಕಾಲಮಿತಿಯಿಲ್ಲದೆ ಬೆಂಬಲವೀಯುವುದು, ಇವು ಅವರ ಪದ್ಧತಿಯ ಮೂಲತತ್ತ್ವಗಳು. ಯೂರೋಪಿನ ಆರು ಕೇಂದ್ರಗಳಲ್ಲಿ 312 ಮಂದಿಯನ್ನು ಒಳಗೊಂಡು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಪದ್ಧತಿಗೆ ಸೇರಿದವರ ಪೈಕಿ ಶೇಕಡಾ 55 ಜನರು ಒಂದು ದಿನವಾದರೂ ಉದ್ಯೋಗ ಮಾಡಿದ್ದರೆ, ರೂಢಿಯ ಕ್ರಮದವರಲ್ಲಿ ಆ ಪ್ರಮಾಣ ಶೇಕಡಾ 28 ಮಾತ್ರವಾಗಿದ್ದಿತು. ದುಡಿಮೆಯಿಂದ ರೋಗ ಉಲ್ಬಣಿಸೀತೆಂಬ ಭಯಕ್ಕೆ ವಿರುದ್ಧವಾಗಿ, ಮರಳಿ ಆಸ್ಪತ್ರೆ ಸೇರಿದವರೂ ಮೊದಲನೆಯ ಗುಂಪಿನಲ್ಲಿಯೇ ಕಡಿಮೆ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತನ್ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ನೇಯ್ಗೆ, ಮುದ್ರಣ, ಮರಗೆಲಸಗಳನ್ನು ಕಲಿಸುತ್ತ ಬಂದಿದೆ. ಅದೇ ನಗರದ ರಿಚ್ಮಂಡ್ ಫೆಲೋಶಿಪ್ ಸೊಸೈಟಿ 1986ರಿಂದಲೂ ಪುನರ್ವಸತಿಯ ಕಾರ್ಯದಲ್ಲಿ ನಿರತವಾಗಿದೆ. ವೈಕಲ್ಯವುಳ್ಳವರ ಕುರಿತ ಭಾರತದ 1995ರ ಕಾಯಿದೆ ಮಾನಸಿಕ ಅಸ್ವಾಸ್ಥ್ಯವನ್ನು ವೈಕಲ್ಯವೆಂದು ಅಂಗೀಕರಿಸಿಯೂ ಸರ್ಕಾರಿ ಹುದ್ದೆಗಳ ಮೀಸಲಾತಿಯಿಂದ ಹೊರಗಿಟ್ಟಿದ್ದಿತು. 2016ರ ಕಾಯಿದೆ ಈ ಅನ್ಯಾಯವನ್ನು ತಿದ್ದಿ, ಆಟಿಸಂ, ಬೌದ್ಧಿಕ ವೈಕಲ್ಯ ಮೊದಲಾದವುಗಳೊಡನೆ ಶೇಕಡಾ 1ರ ಮೀಸಲಿನಲ್ಲಿ ಅದಕ್ಕೂ ಪಾಲನ್ನಿತ್ತಿತು. ಆ ಪಾಲು ಕಾಗದದಲ್ಲಿಯೇ ಉಳಿಯದಿರಬೇಕಾದರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಔಷಧ ಬರೆಯುವ ವೈದ್ಯರ ಜೊತೆಗೆ ಉದ್ಯೋಗ ಹುಡುಕಿಕೊಡುವವರೂ ಇರಬೇಕು. ಕೆಲಸದ ವೇಳೆಯಲ್ಲಿಯೂ ರಜೆಯಲ್ಲಿಯೂ ಮಾಲೀಕರು ಅನುಕೂಲ ಕಲ್ಪಿಸಬೇಕು. ತಮ್ಮ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡವರು ಅದೇ ಕಾರಣಕ್ಕಾಗಿ ಅನ್ನಕ್ಕೆ ಎರವಾಗರೆಂಬ ಭರವಸೆಯನ್ನು ಸಮಾಜವು ಕೊಡಬೇಕು.