ಕಾಗೆಬಂಗಾರದ ಪ್ಲಗ್ಗು

ಟರ್ಬೊ ಕಾರು ತಗೊಂಡ ಗೆಳೆಯರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ: "ಇರಿಡಿಯಂ ಪ್ಲಗ್ ಹಾಕಿಸ್ಲಾ?" ಪ್ರಶ್ನೆ ಹಳೇದು. ನೂರು ವರ್ಷದ ಹಿಂದೆ ಇಂಥದ್ದೇ ತಲೆನೋವು ಇಂಗ್ಲೆಂಡಿನ ಕೆನೆಲ್ಮ್ ಲೀ ಗಿನ್ನೆಸ್‌ಗೂ ಇತ್ತು. ಹೌದು, ಬಿಯರ್ ಗಿನ್ನೆಸ್ ಮನೆತನದವನೇ. ಆದರೆ ಇವನಿಗಿದ್ದದ್ದು ರೇಸಿನ ಹುಚ್ಚು.

ಆಗಿನ ಪ್ಲಗ್ಗಿನೊಳಗೆ ಪಿಂಗಾಣಿ ಇರುತ್ತಿತ್ತು. ರೇಸ್ ಎಂಜಿನ್ನಿನ ಕಾವಿಗೆ ಅದು ಬಿರುಕು ಬಿಡೋದು, ಕರೆಂಟು ಬಿರುಕಲ್ಲಿ ಸೋರಿಹೋಗೋದು, ಸಿಲಿಂಡರ್ ಸುಮ್ಮನಾಗೋದು. ಗಿನ್ನೆಸ್ ಪಿಂಗಾಣಿ ಬಿಟ್ಟು ಅಭ್ರಕ ಹಿಡಿದ. ನಮ್ಮ ಕಡೆ ಹೊಲ ಉಳುವಾಗ ಮಿಣಮಿಣ ಅಂತ ಏಳುತ್ತಲ್ಲ ಕಾಗೆಬಂಗಾರ, ಅದೇ. ಹಾಳೆಹಾಳೆಯಾಗಿ ಬಿಡಿಸಬಹುದು, ಕರೆಂಟು ದಾಟಲ್ಲ, ಬಿಸಿಗೆ ಒಡೆಯಲ್ಲ. ಆ ಕಾಲದಲ್ಲಿ ಜಗತ್ತಿಗೆಲ್ಲ ಹಾಳೆ ಅಭ್ರಕ ಕಳಿಸುತ್ತಿದ್ದವರಲ್ಲಿ ನಮ್ಮ ದೇಶದ ಕೊಡರ್ಮಾ ಗಣಿಗಳದ್ದು ದೊಡ್ಡ ಹೆಸರು. ಪ್ಲಗ್ಗಿಗೆ ತನ್ನ ಹೆಸರಿನ ಅಕ್ಷರಗಳನ್ನೇ ಇಟ್ಟ: ಕೆ.ಎಲ್.ಜಿ. ಮೊದಲ ಮಹಾಯುದ್ಧದಲ್ಲಿ ಅವು ವಿಮಾನಗಳಿಗೂ ಹೋದವು. ರಸ್ತೆಯಲ್ಲಿ ಪ್ಲಗ್ ಕೈಕೊಟ್ಟರೆ ಗಾಡಿ ತಳ್ಳಬಹುದು, ಆಕಾಶದಲ್ಲಿ ಏನು ತಳ್ಳೋದು? 1922ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಸನ್‌ಬೀಮ್ ಕಾರನ್ನು ಗಂಟೆಗೆ 133.75 ಮೈಲಿ ಓಡಿಸಿ ವಿಶ್ವದಾಖಲೆ ಮಾಡಿದವನೂ ಇವನೇ.

ಕಾಗೆಬಂಗಾರ ಸೋತದ್ದು ವೇಗಕ್ಕಲ್ಲ, ಪೆಟ್ರೋಲಿಗೆ. ಎಂಜಿನ್ ಬಡಿತ ತಡೆಯೋಕೆ ಪೆಟ್ರೋಲಿಗೆ ಸೀಸ ಬೆರೆಸಬಹುದು ಅಂತ 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಕೊಂಡ. ಆ ಸೀಸದ ಉಳಿಕೆ ಅಭ್ರಕವನ್ನು ತಿನ್ನತೊಡಗಿತು. ಅದರ ಜಾಗಕ್ಕೆ ಬಂದದ್ದು ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಸೆರಾಮಿಕ್. ಇವತ್ತಿನ ಪ್ಲಗ್ಗಿನ ಬಿಳಿ ಕುತ್ತಿಗೆ ಅದೇ. ನಮ್ಮ ಬೆಂಗಳೂರಿನ ಮೈಕೊ ಪ್ಲಗ್ಗೂ ಅದೇ ವಂಶ. ಊರಲ್ಲಿ ಎಜ್ಡಿ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಹಾಕೋರು. ಇರಿಡಿಯಂ ತುದಿಗೆ ಮಾತ್ರ ಆ ಸೇವೆ ಮಾಡಬೇಡಿ ಮತ್ತೆ!

ಈಗ ಇರಿಡಿಯಂ ವಿಷಯ. 6000 ಆರ್‌ಪಿಎಮ್‌ನಲ್ಲಿ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 50 ಸಲ ಕಿಡಿ ಹಾರಿಸುತ್ತೆ. ಪ್ರತಿ ಕಿಡಿಯೂ ಲೋಹವನ್ನು ಒಂಚೂರು ಕಿತ್ತುಕೊಂಡೇ ಹೋಗುತ್ತೆ. ಗ್ಯಾಪು ಅಗಲವಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಟರ್ಬೊ ಒತ್ತಿ ತುಂಬಿದ ಗಾಳಿಯಲ್ಲಿ ಇನ್ನೂ ಹೆಚ್ಚು. ಅದಕ್ಕೇ ಸವೆದ ಪ್ಲಗ್ಗು ಐಡ್ಲಿಂಗಿನಲ್ಲಿ ಸಭ್ಯವಾಗಿದ್ದು, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸೋದು. ನಿಕ್ಕಲ್ ಕರಗೋದು 1455 ಡಿಗ್ರಿಗೆ, ಇರಿಡಿಯಂ 2446ಕ್ಕೆ. ತುದಿ ಸಣ್ಣಗಿದ್ದರೂ ಬಾಳಿಕೆ ಬರುತ್ತೆ, ಸಣ್ಣ ತುದಿಯಿಂದ ಕಿಡಿಯೂ ಸಲೀಸಾಗಿ ಹಾರುತ್ತೆ.

ಇದು ಸವೆತಕ್ಕಾಯ್ತು. ಶಾಖದ ಲೆಕ್ಕ ಬೇರೆ, ಜನ ಎಡವೋದು ಅಲ್ಲೇ. ಬಾಷ್‌ನ ಹಳೇ ಪದ್ಧತಿಯಲ್ಲಿ 175ಕ್ಕಿಂತ 225 ತಣ್ಣನೆಯ ಪ್ಲಗ್ಗು. ಹೊಸ ಪದ್ಧತಿಯಲ್ಲಿ ಅವೇ 7 ಮತ್ತು 5, ಅಂದರೆ ಅಂಕೆ ಇಳಿದಷ್ಟೂ ತಣ್ಣಗೆ. ಎನ್‌ಜಿಕೆಯಲ್ಲಿ ಅಂಕೆ ಏರಿದಷ್ಟೂ ತಣ್ಣಗೆ! ಅಂಕೆ ನೋಡಿ ಬಿಸಿ ಪ್ಲಗ್ ಹಾಕಿಸಿದರೆ ಅದರ ತುದಿಯೇ ಕೆಂಡವಾಗಿ, ಕಿಡಿಗೆ ಮುಂಚೆ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ ತೂತು. ತೀರಾ ತಣ್ಣನೆಯದಾದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಮಸಿ ಹಿಡಿಯುತ್ತೆ.

ಗೆಳೆಯರಿಗೆ ನಾನು ಹೇಳೋದಿಷ್ಟು: ಟ್ಯೂನ್ ಮುಟ್ಟಿಲ್ಲವಾದರೆ ಕಾರಿನ ಪುಸ್ತಕದಲ್ಲಿರೋ ನಂಬರೇ ಹಾಕಿಸಿ. ಬೂಸ್ಟ್ ಏರಿಸಿದ್ದರೆ ಟ್ಯೂನ್ ಮಾಡಿದವರನ್ನೇ ಕೇಳಿ ಒಂದು ಹೆಜ್ಜೆ ತಣ್ಣನೆಯದು, ಗ್ಯಾಪು ತುಸು ಕಿರಿದು. ಬಿಚ್ಚಿದ ಹಳೇ ಪ್ಲಗ್ಗು ಎಸೆಯೋ ಮುಂಚೆ ಮೂತಿ ನೋಡಿ. ತಿಳಿ ಕಂದು ಇದ್ದರೆ ಆ ನಂಬರು ಬದಲಾಯಿಸೋ ಅಗತ್ಯವೇ ಇಲ್ಲ.